‘ತಮ್ಮ’ ಎಂಬ ಆಯ್ಕೆ ಇಲ್ಲ

ನನ್ನ ಅಬ್ಬಿಗೆ, ಹೆತ್ತ ತಾಯಿಗೆ, ಅವಳ ಒಡಹುಟ್ಟಿದ ತಮ್ಮನನ್ನೇ ಮದುವೆ ಮಾಡಿಸಿದವ ನಾನು. ಮುಹೂರ್ತ, 2011ರ ಮಾರ್ಚ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದೂಕಾಲು. ಸ್ಥಳ, ಕೋಡಿಯಲ್ಲಿ ನಮ್ಮ ಮನೆಯ ಹತ್ತಿರದ ಶಾಲೆಯ ಜಗಲಿ. ಪುರೋಹಿತರ ಜಾಗದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದವನು ಮಂತ್ರದ ಬದಲು ‘ನೆಕ್ಸ್ಟ್, ನೆಕ್ಸ್ಟ್’ ಅನ್ನುತ್ತಿದ್ದ. ಅಗ್ನಿಸಾಕ್ಷಿ ಇರಲಿಲ್ಲ. ಕರೆಂಟು ಹೋಗಿದ್ದರಿಂದ ಜನರೇಟರ್ ಸಾಕ್ಷಿ ಇತ್ತು.

ಆ ದಿವಸ ನಮ್ಮೂರಿಗೆ ‘ನೆರಳು’ ಬಂದಿತ್ತು. ಬಡವರ ರೇಷನ್ ಕಾರ್ಡು ಇದ್ದವರಿಗೆಲ್ಲ ಒಂದು ಆರೋಗ್ಯ ಕಾರ್ಡು. ಅದನ್ನು ತೋರಿಸಿದರೆ ದೊಡ್ಡ ಕಾಯಿಲೆಗೆ ದೊಡ್ಡಾಸ್ಪತ್ರೆಯಲ್ಲಿ ಬಿಡಿಕಾಸು ಕೊಡದೆ ಆಪರೇಷನ್. ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಒಂದು ದೊಡ್ಡ ಕೊಡೆ. ಕೊಡೆಯಡಿ ಅಪ್ಪ, ಅಮ್ಮ, ಒಂದು ಗಂಡು, ಒಂದು ಹೆಣ್ಣು. ನಾಲ್ಕೂ ಜನರಿಗೆ ಒಂದೇ ಅಳತೆಯ ನಗು. ಆ ಚಿತ್ರ ಕಂಡಾಗಲೇ ನನಗೆ ಗೊತ್ತಾಗಬೇಕಿತ್ತು, ನಮ್ಮ ಮನೆ ಆ ಕೊಡೆಯೊಳಗೆ ಹಿಡಿಯುವಂಥದ್ದಲ್ಲ ಎಂದು.

ನಮ್ಮ ರೇಷನ್ ಕಾರ್ಡಿನ ಯಜಮಾನಿ ಅಬ್ಬಿ, ರಾಜೀವಿ. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಅಪ್ಪಯ್ಯ ಚಂದಯ್ಯ, ನನಗೆ ನಾಲ್ಕು ವರ್ಷವಾಗಿದ್ದಾಗ ಕಡಲಿಗೆ ಹೋದವ ತಿರುಗಿ ಬರಲಿಲ್ಲ. ಅಬ್ಬಿ ಮದುವೆಯಾದ ಮೇಲೂ ತನ್ನ ತಾಯಿಮನೆ ಬಿಟ್ಟವಳಲ್ಲ. ನಮ್ಮಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ. ಮಕ್ಕಳು ತಾಯಿಯ ಮನೆಯವರು, ಅವರನ್ನು ಸಾಕುವವ ತಾಯಿಯ ಅಣ್ಣನೋ ತಮ್ಮನೋ. ನನ್ನನ್ನು ಸಾಕಿದವ ಅಬ್ಬಿಯ ತಮ್ಮ, ಮುತ್ತ ಮಾವ. ಮಾವನ ಹೆಂಡತಿ ವನಜತ್ತೆ ಇರುವುದು ಮರವಂತೆಯಲ್ಲಿ, ಅವಳ ತಾಯಿಯ ಮನೆಯಲ್ಲಿ, ಆ ತಾಯಿಯ ರೇಷನ್ ಕಾರ್ಡಿನಲ್ಲಿ. ಮಾವ ಶನಿವಾರ ಸಂಜೆ ಒಂದು ಕಟ್ಟು ಮೀನು ಹಿಡಿದು ಅಲ್ಲಿಗೆ ಹೋದರೆ ಸೋಮವಾರ ಹೊತ್ತು ಮೂಡುವ ಮೊದಲು ದೋಣಿಗೆ ಹಾಜರು. ಗಂಡ ಹೆಂಡತಿ ಜಗಳವಾಡಿ ಬೇರೆಯಾದದ್ದಲ್ಲ. ಇಪ್ಪತ್ತು ವರ್ಷದಿಂದ ಅವರ ಸಂಸಾರ ಚೆಂದಕ್ಕೆ ನಡೆದದ್ದೇ ಹಾಗೆ. ನನ್ನನ್ನು ಬಿ.ಕಾಂ. ಓದಿಸಿದ್ದೂ ಮಾವನ ಬಲೆಯೇ.

ಕ್ಯಾಂಪಿನಲ್ಲಿ ಅಬ್ಬಿ ಮತ್ತು ಮಾವ ಹೆಬ್ಬೆಟ್ಟು ಒತ್ತಿ, ಫೋಟೋಕ್ಕೆ ಮುಖ ಕೊಟ್ಟು, ದೋಣಿ ನಿಲ್ಲುವ ದಕ್ಕೆಗೆ ಓಡಿದರು. ಬಂಗುಡೆ ಬಂದ ದಿವಸ; ನಿಂತರೆ ಏಲ ಮುಗಿಯುತ್ತದೆ. ಉಳಿದದ್ದನ್ನು ಬರೆಸಲು ಕಲಿತವನೆಂದು ನನ್ನನ್ನು ಬಿಟ್ಟಿದ್ದರು.

‘ಮುತ್ತ ಅವರು ಯಜಮಾನಿಗೆ ಏನಾಗ್ಬೇಕು?’ ಎಂದು ಕೇಳಿದ ಲ್ಯಾಪ್‌ಟಾಪಿನವ. ಘಟ್ಟದ ಮೇಲಿನ ಮಾತು.

‘ತಮ್ಮ.’

‘ತಮ್ಮ ಅನ್ನೋ ಆಯ್ಕೆ ಇಲ್ಲ ಸಾರ್. ಸ್ವತಃ, ಗಂಡ ಅಥವಾ ಹೆಂಡತಿ, ಮಗ, ಮಗಳು, ತಂದೆ, ತಾಯಿ. ಇಷ್ಟೇ. ಏನಾದ್ರೂ ಒಂದು ಕೊಡ್ಲೇಬೇಕು, ಇಲ್ದಿದ್ರೆ ಮುಂದಕ್ಕೆ ಹೋಗಲ್ಲ.’

ನನ್ನ ಹಿಂದೆ ನಲವತ್ತು ಜನ. ಬಿಸಿಲು. ‘ಎಂತಾದ್ರೂ ಒಂದ್ ಹಾಕಿ ಮಾರ್ರೆ, ಕಾರ್ಡ್ ಬಂದ್ರ್ ಸೈ,’ ಅಂದೆ. ಅವನು ತೆರೆಯ ಮೇಲೆ ಒಂದು ಹೆಂಗಸು, ಒಂದು ಗಂಡಸು ಕಂಡ. ಪಟ್ಟಿಯ ಎರಡನೆಯದನ್ನು, ‘ಗಂಡ ಅಥವಾ ಹೆಂಡತಿ’ಯನ್ನು, ಒತ್ತಿದ. ನಾನು ಕಂಡೆ. ಕಂಡು ನಕ್ಕೆ. ಆ ನಗು ನೆನಪಾದಾಗಲೆಲ್ಲ ನನ್ನ ಹಲ್ಲು ನಾನೇ ಉದುರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕಾರ್ಡು ಬಂತು. ಅಬ್ಬಿ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೇವರ ಪಟದ ಹಿಂದೆ ಸಿಕ್ಕಿಸಿದಳು. ದೇವರಿಗೂ ನೆರಳಾಯಿತು.

ಮರುವರ್ಷ ನವೆಂಬರಿನಲ್ಲಿ ಮಾವ ಬಲೆ ಎಳೆಯುತ್ತ ದೋಣಿಯಲ್ಲೇ ಕುಸಿದ. ಅದಕ್ಕೂ ಮೊದಲೇ ಉಸಿರು ಕಟ್ಟುತ್ತಿತ್ತಂತೆ, ನಮಗೆ ಹೇಳಿರಲಿಲ್ಲ. ಕುಂದಾಪುರದ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಒಂದು ಚೀಟಿ ಬರೆದು ಉಡುಪಿಯ ಕಡೆಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಹೇಳಿದರು: ಎದೆಯ ಒಂದು ವಾಲ್ವು ಕೆಟ್ಟಿದೆ, ಬದಲಿಸಬೇಕು, ಮೂರು ವಾರದ ಒಳಗೆ ಆಗಲೇಬೇಕು. ಅದರ ಖರ್ಚು ಕೇಳಿ ನನ್ನದೇ ಎದೆ ಒಂದು ಕ್ಷಣ ನಿಂತಿತು.

ಅಬ್ಬಿ ಮಾತ್ರ ನಡುಗಲಿಲ್ಲ. ‘ಕಾರ್ಡ್ ಇತ್ತಲೆ,’ ಅಂದಳು. ‘ದೇವ್ರ್ ಹಿಂದ್ ಕೂಕಂಡ್ ಒಂದೂವರೆ ವರ್ಷ ಆಯ್ತ್. ಇನ್ ಸ್ವಲ್ಪ ಕೆಲ್ಸ ಮಾಡ್ಲಿ.’

ಆಸ್ಪತ್ರೆಯ ಸಹಾಯ ಕೌಂಟರಿನಲ್ಲಿ ಕೂತಿದ್ದವರು ಮಹಾಲಿಂಗ ಎಂಬವರು, ಸಾಸ್ತಾನದ ಬದಿಯವರು. ದೇವಸ್ಥಾನದ ಮೈಕಿನಲ್ಲಿ ಸೇವೆ ಮಾಡಿಸಿದವರ ಹೆಸರು ಕರೆಯುತ್ತಾರಲ್ಲ, ಆ ದನಿ: ಯಾವ ಹೆಸರಿಗೂ ಒಂದೇ ಎಳೆತ, ಒಂದೇ ನಿಲುಗಡೆ. ಅವರು ಕಾರ್ಡನ್ನು ಯಂತ್ರಕ್ಕೆ ತೂರಿಸಿದರು, ತೆರೆ ನೋಡಿದರು, ‘ತಮ್ಮ’ ಎಂದಿದ್ದ ರೇಷನ್ ಕಾರ್ಡು ನೋಡಿದರು, ಪುನಃ ತೆರೆ ನೋಡಿದರು.

‘ಇವ್ರ್ ನಿಮ್ಗೆ ಎಂತ ಆಯ್ಕ್?’

‘ತಮ್ಮ,’ ಅಂದಳು ಅಬ್ಬಿ.

‘ಇದ್ರಲ್ಲಿ ಗಂಡ ಅಂದೇಳಿ ಇತ್ತ್.’

‘ಯಾರ್ ಗಂಡ?’

‘ನಿಮ್ ಗಂಡ.’

‘ನನ್ ಗಂಡ ಕಡ್ಲಿಗ್ ಹೋಯಿ ಇಪ್ಪತ್ತೆರ್ಡ್ ವರ್ಷ ಆಯ್ತ್. ಅಲ್ಲಿಂದ ಎದ್ದ್ ಬಂದ್ ನಿಮ್ ಕಾರ್ಡೊಳ್ಗ್ ಕೂತಿದ್ನಾ?’

ಸಾಲಿನಲ್ಲಿ ನಿಂತಿದ್ದವರು ನಕ್ಕರು. ಅಬ್ಬಿ ತಿರುಗಿ ನೋಡಿದಳು, ನಗು ನಿಂತಿತು. ನಾನು ಮುಂದೆ ಹೋಗಿ ತೊದಲುತ್ತ ಹೇಳಿದೆ: ಆಯ್ಕೆ ಇರಲಿಲ್ಲ, ಏನೋ ಒಂದು ಹಾಕಿದರು, ತಪ್ಪಾಗಿದೆ. ಯಾರು ಹಾಕಿಸಿದ್ದೆಂದು ಹೇಳಲಿಲ್ಲ.

ಮಹಾಲಿಂಗರು ಕನ್ನಡಕ ತೆಗೆದರು. ‘ಕಷ್ಟ ಮಾರಾಯ್ರೆ. ತಮ್ಮ ಅಂದ್ರೆ ಈ ಕಾರ್ಡಲ್ಲಿ ಜಾಗವೇ ಇಲ್ಲೆ. ಅವ್ರ ಹೆಂಡ್ತಿ ಕಾರ್ಡಲ್ಲಿ ಇತ್ತಾ?’

ಇರಲಿಲ್ಲ. ಅದರ ಯಜಮಾನಿ ವನಜತ್ತೆಯ ತಾಯಿ. ಅಳಿಯ ಎಂಬ ಆಯ್ಕೆಯೂ ಇಲ್ಲ. ಐವತ್ತು ವರ್ಷದ ಮಾವನಿಗೆ ಎರಡು ಮನೆ, ಎರಡು ಒಲೆ, ಎರಡು ಕಡೆ ಊಟದ ಬಟ್ಟಲು. ನೆರಳು ಮಾತ್ರ ಎಲ್ಲಿಯೂ ಇಲ್ಲ.

ಮಹಾಲಿಂಗರು ಆಚೀಚೆ ನೋಡಿ ದನಿ ತಗ್ಗಿಸಿದರು. ‘ಹ್ವಾಯ್, ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಬೇಡಿ. ನಾ ರೇಷನ್ ಕಾರ್ಡ್ ಕಾಣ್ಲೇ ಇಲ್ಲೆ ಅಂದೇಳಿ ಮಾಡ್ತೆ. ಇವ್ರ್ ನನ್ ಗಂಡ ಅಂದೇಳಿ ನೀವ್ ಒಂದ್ ಕಾಗ್ದಕ್ಕೆ ಹೆಬ್ಬೆಟ್ಟ್ ಒತ್ತಿ. ನಾಡಿದ್ದೇ ಆಪರೇಷನ್ ಆತ್ತ್.’

‘ನಿಮ್ಗೆ ತಂಗಿ ಇದ್ಲಾ?’ ಎಂದು ಕೇಳಿದಳು ಅಬ್ಬಿ.

‘ಇದ್ಲ್.’

‘ಅವ್ಳ್ ನನ್ ಹೆಂಡ್ತಿ ಅಂದೇಳಿ ಮೊದ್ಲ್ ನೀವ್ ಒಂದ್ ಸಹಿ ಹಾಕಿ. ಅದ್ರ್ ಕೆಳ್ಗ್ ನಾ ಒತ್ತುತ್ತೆ.’

ಮಹಾಲಿಂಗರ ಕೈಯಿಂದ ಪೆನ್ನು ಉರುಳಿತು. ಸಿಟ್ಟು ಮಾಡಲಿಲ್ಲ ಮನುಷ್ಯ. ‘ತಪ್ಪಾಯ್ತ್,’ ಅಂದರು. ಆದರೆ ಕಾಗದ ಮೇಜಿನ ಮೇಲೆಯೇ ಇತ್ತು, ಅಂಗೈ ಅಗಲದ ಇಂಕಿನ ಪೆಟ್ಟಿಗೆಯ ಪಕ್ಕದಲ್ಲಿ.

ಅಷ್ಟರಲ್ಲಿ ವನಜತ್ತೆ ಮರವಂತೆಯಿಂದ ಬಂದು ತಲುಪಿದ್ದಳು. ಎಲ್ಲ ಕೇಳಿಸಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: ‘ಅತ್ಗೆ, ಒತ್ತಿ.’

‘ನೀ ಎಂತ ಹೇಳ್ತಿದ್ದೆ ಅಂದೇಳಿ ಗೊತ್ತಿತ್ತಾ ಹೆಣೆ ನಿಂಗೆ?’

‘ಗೊತ್ತಿತ್ತ್. ಅವ್ರ್ ಉಳ್ದ್ರೆ ನಂಗ್ ಗಂಡ, ನಿಮ್ಗ್ ತಮ್ಮ. ಇಲ್ದಿದ್ರೆ ನಂಗೂ ಇಲ್ಲೆ, ನಿಮ್ಗೂ ಇಲ್ಲೆ.’

ಅಬ್ಬಿ ಒತ್ತಿದಳು. ಒತ್ತಿ ಹೊರಗೆ ಹೋದಳು, ನಲ್ಲಿಯಡಿ ನಿಂತು ಹೆಬ್ಬೆರಳು ತೊಳೆದಳು. ಸಾಬೂನು ಹಚ್ಚಿ ತೊಳೆದಳು, ಗೋಡೆಗೆ ಉಜ್ಜಿ ತೊಳೆದಳು. ನಲವತ್ತು ವರ್ಷ ಮೀನು ಮುಟ್ಟಿದ ಕೈಯನ್ನು ಅವಳು ಯಾವತ್ತೂ ಹಾಗೆ ತೊಳೆದದ್ದು ನಾನು ಕಂಡವನಲ್ಲ.

ಇದು ಯಾವುದೂ ವಾರ್ಡಿನಲ್ಲಿದ್ದ ಮಾವನಿಗೆ ಗೊತ್ತಿರಲಿಲ್ಲ. ಗೊತ್ತಾಗುವುದೂ ಬೇಡ ಅಂದುಕೊಂಡಿದ್ದೆವು. ಆದರೆ ಪೂಜಿತಾ ಎಂಬ ನರ್ಸು ಫೈಲು ಹಿಡಿದು ಬಂದು, ‘ನಿಮ್ಮ ಹೆಂಡ್ತಿ ರಾಜೀವಿಯವ್ರ್ ಹೊರ್ಗೆ ಇದ್ರ್, ಕರೀಲಾ?’ ಎಂದು ಕೇಳಿದಳಂತೆ. ಪಾಪ, ಅವಳ ತಪ್ಪೇನು, ಫೈಲಿನಲ್ಲಿ ಇದ್ದದ್ದು ಓದಿದಳು. ಮಾವ ಪುನಃ ಒಮ್ಮೆ ಓದಲು ಹೇಳಿದನಂತೆ. ಓದಿದಳು. ಅವಳು ಅತ್ತ ತಿರುಗಿ ಇತ್ತ ಬರುವಷ್ಟರಲ್ಲಿ ಹಾಸಿಗೆ ಖಾಲಿ.

ನಾವು ಆಸ್ಪತ್ರೆಯ ಮೂಲೆಮೂಲೆ ಹುಡುಕಿ ಸಂಜೆ ಮನೆಗೆ ಬಂದರೆ ಮಾವ ಜಗಲಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ. ಮಣಿಕಟ್ಟಿನಲ್ಲಿ ಆಸ್ಪತ್ರೆಯ ಪಟ್ಟಿ ಹಾಗೆಯೇ ಇತ್ತು. ಎರಡು ಬಸ್ಸು ಬದಲಿಸಿ ಬಂದಿದ್ದಾನೆ. ಎರಡು ಗಂಟು ಹಾಕಿದರೆ ಒಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ.

‘ಎದ್ದ್ ಬಂದದ್ದ್ ಎಂತಕ್ಕೆ ಮಾರಾಯ?’ ಅಬ್ಬಿಯ ದನಿ ದಕ್ಕೆಯವರೆಗೆ ಕೇಳಿರಬೇಕು.

‘ಅಲ್ಲಿ ಆಪರೇಷನ್ ರಾಜೀವಿ ಗಂಡಂಗೆ ಅಂಬ್ರ್. ನಾ ಅವ ಅಲ್ಲ.’

‘ಸತ್ತ್ ಹೋತೆ ಕಾಣ್!’

‘ಸತ್ರೆ ನಿನ್ ತಮ್ಮ ಆಯ್ಕಂಡ್ ಸಾಯ್ತೆ ಅಕ್ಕ. ನಂಗ್ ಅಕ್ಕ ಇತ್ತ್, ಹೆಂಡ್ತಿ ಇತ್ತ್. ಎರ್ಡೂ ಒಂದೇ ಜನ ಅಲ್ಲ.’

ಅಬ್ಬಿ ಅವನ ಕೈಯಿಂದ ಬಲೆ ಕಿತ್ತು ಅಂಗಳಕ್ಕೆ ಎಸೆದಳು. ನನಗೆ ಇನ್ನು ತಡೆಯಲಾಗಲಿಲ್ಲ. ‘ಅಬ್ಬಿ, ಕ್ಯಾಂಪಲ್ಲಿ ಅದ್ ಹಾಕ್ಸಿದ್ದ್ ನಾನೇ. ಎಂತಾದ್ರೂ ಹಾಕಿ ಅಂದೆ. ಕಂಡ್ ನಗಾಡ್ದೆ,’ ಅಂದೆ.

ಅಬ್ಬಿ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಮಾವನೇ ಮೊದಲು ಮಾತಾಡಿದ: ‘ಕಲ್ತವ ಅಲ್ದಾ ಅಕ್ಕ, ಅವ್ನಿಗ್ ಎಲ್ಲ ತಮಾಷಿ.’ ಸಣ್ಣಗೆ ನಕ್ಕ, ನಕ್ಕದ್ದಕ್ಕೆ ಕೆಮ್ಮಿದ. ಹೊಡೆದಿದ್ದರೆ ಒಳ್ಳೆಯದಿತ್ತು. ನಾನು ಊರವರ ದನಿಯೆಲ್ಲ ಅನುಕರಿಸಿ ಅವನನ್ನು ನಗಿಸುತ್ತಿದ್ದವ. ಆ ರಾತ್ರಿ ಅವನ ಕೆಮ್ಮು ಕೇಳುತ್ತ ಮಲಗಿದೆ.

ಮರುದಿವಸ ಕುಂದಾಪುರದಲ್ಲಿದ್ದ ‘ನೆರಳು’ ಕಛೇರಿಗೆ ಹೋದೆವು, ಅಬ್ಬಿ ಮತ್ತು ನಾನು. ಸಂಯೋಜಕರ ಹೆಸರು ಜಿತೇಂದ್ರ. ಸಂಯೋಜಕ ಅಂದರೆ ಒಂದನ್ನು ಇನ್ನೊಂದಕ್ಕೆ ಜೋಡಿಸುವವ ಎಂದು ನಾನು ಓದಿದ್ದೆ. ಇವರ ದನಿ ಗಂಟಲಲ್ಲಿ ಕೆಲಸಕ್ಕೆ ಸೇರಿ ಮೂಗಿನಲ್ಲಿ ನಿವೃತ್ತಿಯಾಗುತ್ತಿತ್ತು. ಆಸ್ಪತ್ರೆಯಲ್ಲಿ ಹೆಬ್ಬೆಟ್ಟು ಒತ್ತಿದ್ದನ್ನೂ ಬಿಡದೆ ಅಬ್ಬಿ ಎಲ್ಲ ಹೇಳಿದಳು.

‘ನೋಡಿ ಅಮ್ಮಾ, ಈ ವರ್ಷದ ಡಾಟಾ ಲಾಕ್ ಆಗಿದೆ. ತಿದ್ದುಪಡಿ ಏನಿದ್ರೂ ಜೂನ್ ತಿಂಗಳಲ್ಲಿ.’

‘ಇನ್ನೂ ಡಿಸೆಂಬರ್ ಸುರು ಆಯ್ಲಿಲ್ಲೆ ಮಾರ್ರೆ. ಡಾಕ್ಟ್ರ್ ಮೂರ್ ವಾರ ಅಂದಿರ್.’

‘ನಿಯಮ ಅಮ್ಮಾ. ಇದ್ರಲ್ಲಿ ನಂದೇನಿಲ್ಲ.’

‘ನಿಮ್ದ್ ಇಲ್ದಿದ್ರೆ ಮತ್ ಯಾರ್ದ್? ಆ ಕಂಪ್ಯೂಟರ್ದಾ? ಅದ್ರತ್ರವೇ ಮಾತಾಡ್ತೆ, ಇತ್ಲಾಗ್ ತಿರ್ಗ್ಸಿ.’

ಜಿತೇಂದ್ರರು ಕುರ್ಚಿ ಹಿಂದಕ್ಕೆ ಸರಿಸಿದರು. ‘ಇನ್ನೊಂದು ವಿಷಯ ಹೇಳ್ತೀನಿ. ಸುಳ್ಳು ಸಂಬಂಧ ಬರೆಸಿದ್ದು ನೀವು. ಮೇಲಿಂದ ಆಸ್ಪತ್ರೆಯಲ್ಲಿ ಸುಳ್ಳು ಮುಚ್ಚಳಿಕೆ ಬೇರೆ ಕೊಟ್ಟಿದ್ದೀರಿ. ನಾನು ಮನಸ್ಸು ಮಾಡಿದ್ರೆ ಕೇಸಾಗುತ್ತೆ. ಬಡವರು ಅಂತ ಸುಮ್ಮನಿದ್ದೀನಿ.’

ತಮ್ಮ ಎಂಬ ನಿಜಕ್ಕೆ ಜಾಗ ಕೊಡದೆ ಸುಳ್ಳು ಬರೆಸಿಕೊಂಡವರು ಇವರು. ಆ ಸುಳ್ಳಿಗೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಆಸ್ಪತ್ರೆ. ಕೇಸು ಅಬ್ಬಿಯ ಮೇಲೆ. ನನಗೆ ಕೂಗಬೇಕು ಅನ್ನಿಸಿತು. ಅಬ್ಬಿ ಕೂಗಲಿಲ್ಲ. ಮೇಜಿನ ಮೇಲಿದ್ದ ಒಂದು ಫೋಟೋವನ್ನೇ ನೋಡುತ್ತಿದ್ದಳು.

‘ಇವ್ರ್ ವಡೇರಹೋಬಳಿ ಅಮಿತಮ್ಮ ಅಲ್ದಾ?’

‘ಹೌದು, ನನ್ನ ಮಿಸೆಸ್. ಯಾಕೆ?’

‘ಎಂತಕ್ಕೂ ಇಲ್ಲೆ. ಆರ್ ವರ್ಷ ಆಯ್ತ್ ನಿಮ್ ಮನೆಗ್ ಮೀನ್ ಕೊಡುಕ್ ಸುರು ಮಾಡಿ. ನಿಮ್ಗೆ ಕಾಣೆ ಮೀನ್ ಅಂದ್ರೆ ಜೀವ ಅಂಬ್ರ್, ಅವ್ರೇ ಹೇಳಿದ್ರ್.’ ಅಷ್ಟು ಹೇಳಿ ಎದ್ದಳು. ಮೆಟ್ಟಿಲು ಇಳಿಯುವಾಗ ನನಗೆ ಹೇಳಿದಳು: ‘ಯತೀಶ, ಇವ್ರ್ ಮನೆ ಬಿಡ್ಕ್.’

ಮೀನು ಮಾರುವ ಹೆಂಗಸರಲ್ಲಿ ‘ಮನೆ ಬಿಡುವುದು’ ಎಂಬ ಒಂದು ಕಟ್ಟಳೆ ಇದೆ. ಯಾವುದಾದರೂ ಮನೆಯವರು ಒಬ್ಬಳ ಬುಟ್ಟಿಗೆ ಅವಮಾನ ಮಾಡಿದರೆ, ಕೊಂಡ ಮೀನನ್ನು ಮುಖಕ್ಕೆ ಎಸೆದರೆ, ಕೈ ಹಿಡಿದು ಎಳೆದರೆ, ಆ ಮನೆಗೆ ಬೇರೆ ಯಾರೂ ಮೀನು ಕೊಡುವುದಿಲ್ಲ. ಕೊಟ್ಟವಳ ಪಕ್ಕದಲ್ಲಿ ಮಾರ್ಕೆಟ್ಟಿನಲ್ಲಿ ಯಾರೂ ಕೂರುವುದಿಲ್ಲ. ಎಷ್ಟೋ ವರ್ಷದಿಂದ ಅದನ್ನು ಉಪಯೋಗಿಸುವ ಪ್ರಸಂಗ ಬಂದಿರಲಿಲ್ಲ. ಅಬ್ಬಿ ಮಾರ್ಕೆಟ್ಟಿಗೆ ಹೋಗಿ, ಎಲ್ಲರಿಗಿಂತ ಹಿರಿಯಳಾದ ಕಮಲಕ್ಕನ ಎದುರು ಕೂತು ನಡೆದದ್ದು ನಡೆದ ಹಾಗೆ ಹೇಳಿದಳು. ಮಹಾಲಿಂಗರ ಎಳೆತ, ಜಿತೇಂದ್ರರ ಮೂಗು, ಎಲ್ಲವನ್ನೂ ಮಾಡಿ ತೋರಿಸಿದಳು. ನನ್ನ ಚಾಳಿ ಎಲ್ಲಿಂದ ಬಂತು ಎಂದು ನನಗೆ ಆವತ್ತು ಗೊತ್ತಾಯಿತು. ಮಾರ್ಕೆಟ್ಟು ಬಿದ್ದು ಬಿದ್ದು ನಕ್ಕಿತು. ಕೊನೆಗೆ ‘ತಮ್ಮನ್ನೇ ಗಂಡ ಅಂದೇಳಿ ಒತ್ತಿದೆ ನಾ’ ಅಂದಾಗ ಒಬ್ಬಳೂ ನಗಲಿಲ್ಲ.

ಕಮಲಕ್ಕ ಎಲೆ ಅಡಿಕೆ ಉಗಿದಳು. ‘ಇವತ್ತ್ ಅವ್ಳ್ ತಮ್ಮ. ನಾಳಿಕ್ ನನ್ ಅಣ್ಣ. ನಿನ್ ಅಳಿಯ, ಅವ್ಳ್ ಅಕ್ಕನ್ ಮಗ್ಳ್. ನಮ್ಮಲ್ಲಿ ಯಾರ್ ಮನೆ ಆ ಕೊಡೆ ಚಿತ್ರದ್ ಹಾಂಗ್ ಇತ್ತ್, ಹೇಳಿ ಕಾಂಬ?’ ಒಬ್ಬೊಬ್ಬಳ ಮುಖ ನೋಡುತ್ತ ಹೋದಳು. ‘ಹಂಗಾರ್ ಬಿಟ್ಟಾಯ್ತ್.’

ಮೊದಲ ದಿವಸ ಅಮಿತಾ ಗೇಟಿನಲ್ಲಿ ನಿಂತು ಕಾದರು. ಎರಡನೆಯ ದಿವಸ ಬೇರೆ ಬುಟ್ಟಿಯವಳನ್ನು ಕರೆದರು, ಅವಳಿಗೆ ಕಿವಿ ಕೇಳಲಿಲ್ಲ. ಮೂರನೆಯ ದಿವಸ ಮಾರ್ಕೆಟ್ಟಿಗೇ ಬಂದರು. ಅವರು ನಡೆದ ಹಾಗೆ ಎರಡೂ ಬದಿಯ ಬುಟ್ಟಿಗಳ ಮೇಲೆ ಗೋಣಿ ಬೀಳುತ್ತ ಹೋಯಿತು. ಅಂಜಲ್? ಮಾರಿ ಹೋಯಿತು. ಸಿಗಡಿ? ಯಾರೋ ಹೇಳಿ ಇಟ್ಟದ್ದು. ಬಂಗುಡೆ? ಅದು ನಿನ್ನೆಯದು ಅಮ್ಮ, ನಿಮಗೆ ಬೇಡ. ಐದನೆಯ ದಿವಸ ಜಿತೇಂದ್ರರೇ ಗಂಗೊಳ್ಳಿಯ ಮಾರ್ಕೆಟ್ಟಿಗೆ ಹೋದರಂತೆ, ತಲೆಯ ಹೆಲ್ಮೆಟ್ ತೆಗೆಯದೆ. ಹೆಲ್ಮೆಟ್ಟಿನೊಳಗಿಂದ ‘ಕಾಣೆ ಇದೆಯಾ’ ಅಂದದ್ದೇ ತಡ, ಅಲ್ಲಿಯೂ ಬುಟ್ಟಿಗಳ ಮೇಲೆ ಗೋಣಿ ಬಿತ್ತಂತೆ. ಆ ಮೂಗಿನ ದನಿಯನ್ನು ಅಲ್ಲಿಯವರು ಫೋನಿನಲ್ಲಿ ಆಗಲೇ ಕೇಳಿ ತಿಳಿದಿದ್ದರು. ಫೋನಿನಲ್ಲಿ ಮಾಡಿ ಕೇಳಿಸಿದವನು ನಾನು. ಅಷ್ಟಾದರೂ ನನ್ನಿಂದ ಆಗಲಿ.

ನಮ್ಮ ಮನೆಯಲ್ಲಿ ನಗು ಇರಲಿಲ್ಲ. ಮಾವ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಕಾಲು ಬಾತಿತ್ತು. ವನಜತ್ತೆ ಮರವಂತೆ ಬಿಟ್ಟು ನಮ್ಮಲ್ಲೇ ಬಂದು ಉಳಿದಿದ್ದಳು. ಅಬ್ಬಿ ದಿನವೂ ಬುಟ್ಟಿ ಇಳಿಸಿದವಳೇ ಮೊದಲು ಅವನ ಎದೆ ಏಳುವುದನ್ನು ನೋಡುತ್ತಿದ್ದಳು, ಆಮೇಲೆ ಕೈಕಾಲು ತೊಳೆಯುತ್ತಿದ್ದಳು. ಡಾಕ್ಟರು ಹೇಳಿದ ಮೂರು ವಾರ ಮುಗಿಯಿತು.

ಅಷ್ಟರಲ್ಲಿ ಅಮಿತಾರ ತಾಯಿ ತಂದೆ ಮುಂಬೈಯಿಂದ ಬಂದಿಳಿದಿದ್ದರು. ರಾತ್ರಿಯಿಡೀ ರೈಲಿನಲ್ಲಿ ಕೂತು ಊರಿಗೆ ಬಂದದ್ದು ತೊಂಡೆಕಾಯಿ ತಿನ್ನುವುದಕ್ಕಾ ಎಂದು ಆ ಮುದುಕ ಎರಡು ದಿವಸ ಊಟಕ್ಕೇ ಕೂರಲಿಲ್ಲವಂತೆ. ಮೂರನೆಯ ಬೆಳಿಗ್ಗೆ ಅಮಿತಾ ರಸ್ತೆಗೇ ಬಂದು ಅಬ್ಬಿಯ ಬುಟ್ಟಿ ಹಿಡಿದು ನಿಲ್ಲಿಸಿದರು.

‘ರಾಜೀವಿಯಕ್ಕ, ನಾನೇನು ಮಾಡಿದ್ದೆ ನಿಮಗೆ?’

ಅಬ್ಬಿ ಹೇಳಿದಳು. ಅಮಿತಾರಿಗೆ ಏನೂ ಗೊತ್ತಿರಲಿಲ್ಲ. ಕೇಳುತ್ತ ಕೇಳುತ್ತ ಬುಟ್ಟಿಯ ಅಂಚಿನಿಂದ ಕೈ ತೆಗೆದರು. ‘ನಾಳೆ ಹತ್ತು ಗಂಟೆಗೆ ಆಫೀಸಿಗೆ ಹೋಗಿ,’ ಅಂದರು.

ಹೋದೆವು. ಮಾವನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆವು. ಜಿತೇಂದ್ರರು ನಮ್ಮ ಮುಖ ನೋಡದೆ ಕಂಪ್ಯೂಟರಿನಲ್ಲಿ ಯಾವುದೋ ಗುಟ್ಟಿನ ಅಕ್ಷರ ಒತ್ತಿದರು. ಜೂನ್‌ವರೆಗೆ ಬೀಗ ಹಾಕಿದ್ದ ಪುಟ ತೆರೆಯಿತು.

‘ತಮ್ಮ ಅನ್ನೋ ಆಯ್ಕೆ ಇಲ್ಲಮ್ಮ. ಅದನ್ನ ಸೇರಿಸೋದು ಮೇಲಿನವರು. ಗಂಡ ಬೇಡ ಅಂದ್ರೆ... ಮಗ ಅಂತ ಹಾಕ್ಲಾ? ಹೊಸ ಚೀಟಿಯಲ್ಲಿ ಅದೇ ಬರುತ್ತೆ, ಆಸ್ಪತ್ರೆಯಲ್ಲಿ ಈ ಕಾರ್ಡು, ಚೀಟಿ ಎರಡೂ ಹೊಂದಿದ್ರೆ ಸಾಕು, ರೇಷನ್ ಕಾರ್ಡು ಕೇಳಲ್ಲ.’

‘ನಂಗ್ ಐವತ್ತೆಂಟ್, ಇವಂಗ್ ಐವತ್ತ್. ಎಂಟ್ ವರ್ಷಕ್ಕೇ ಹೆತ್ತಿದ್ನಾ ನಾ?’

‘ಸಿಸ್ಟಮ್ ಅದೆಲ್ಲ ಕೇಳಲ್ಲ.’

ಅಬ್ಬಿ ಮಾವನ ಕಡೆ ತಿರುಗಿದಳು. ಮಾವ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ.

‘ಏ ಮುತ್ತ. ನಮ್ ಅಬ್ಬಿ ಸೀತು ಬುಟ್ಟಿ ಹೊತ್ಕಂಡ್ ಹೋರೆ ಬಪ್ದ್ ಕತ್ಲಿಗೆ. ಅಲ್ಲಿವರೆಗ್ ನಿನ್ನ ಸೊಂಟದ್ ಮೇಲ್ ಹೊತ್ತ್ ತಿರ್ಗಿದ್ದ್, ಗಂಜಿ ಕುಡ್ಸಿದ್ದ್, ತೊಳ್ದದ್ದ್ ಯಾರ್?’

‘ನೀನೇ.’

‘ಹಂಗಾರ್ ಇದ್ ಅಷ್ಟ್ ಸುಳ್ಳಲ್ಲ. ಆತ್ತಾ?’

ಮಾವ ಕಣ್ಣು ತೆರೆಯದೆ ತಲೆ ಆಡಿಸಿದ. ‘ಮಗ ಆದ್ರ್ ಸೈ.’

ಗೋಡೆಯಲ್ಲಿ ಗಡಿಯಾರ ಇತ್ತು. ಪುಟ ತೆರೆದು, ಗಂಡನನ್ನು ಅಳಿಸಿ, ಮಗನನ್ನು ಹುಟ್ಟಿಸಿ, ಚೀಟಿ ಕೈಗೆ ಬರುವುದಕ್ಕೆ ಹಿಡಿದದ್ದು ನಾಲ್ಕು ನಿಮಿಷ. ನಾಲ್ಕು ನಿಮಿಷ. ಮೂರು ವಾರದ ಹಿಂದೆಯೂ ಅದು ನಾಲ್ಕೇ ನಿಮಿಷದ ಕೆಲಸವಾಗಿತ್ತು. ಆವತ್ತೂ ಆ ಅಕ್ಷರಗಳು ಈ ಮನುಷ್ಯನಿಗೆ ಗೊತ್ತಿದ್ದವು. ನಿಯಮ ಅಂದದ್ದು ಬೀಗಕ್ಕಲ್ಲ. ಯಾರಿಗಾಗಿ ಬೀಗ ತೆರೆಯಬೇಕು, ಯಾರಿಗಾಗಿ ತೆರೆಯಬೇಕಾಗಿಲ್ಲ ಎಂಬುದಕ್ಕೆ. ಮಾವನ ಬಾತ ಕಾಲು ತೆರೆಯದ ಬೀಗವನ್ನು ಒಂದು ತಟ್ಟೆ ಕಾಣೆ ತೆರೆಯಿತು.

ಆಸ್ಪತ್ರೆಯಲ್ಲಿ ಮಹಾಲಿಂಗರು ಹೊಸ ಚೀಟಿ ನೋಡಿದರು, ಅಬ್ಬಿಯ ಮುಖ ನೋಡಿದರು. ಹಳೆಯ ಮುಚ್ಚಳಿಕೆಯನ್ನು ಡ್ರಾಯರಿನಿಂದ ತೆಗೆದು ನಮ್ಮೆದುರೇ ಹರಿದರು. ‘ಅದನ್ ನಾ ಮೇಲೆ ಕಳ್ಸ್ಲೇ ಇಲ್ಲೆ,’ ಅಂದರು. ಮತ್ತೆ ಮೈಕಿನ ದನಿಯಲ್ಲಲ್ಲ, ಮನೆಯ ದನಿಯಲ್ಲಿ ಹೇಳಿದರು: ‘ನಿಮ್ಮದ್ ಒಂದೇ ಅಲ್ಲ ಮಾರಾಯ್ರೆ. ಈ ತಿಂಗ್ಳಲ್ಲೇ ಮರವಂತೆಯರ್, ಗಂಗೊಳ್ಳಿಯರ್, ಉಪ್ಪುಂದದರ್, ಏಳ್ ಜನ ಬಂದಿರ್. ಒಬ್ಬಂಗ್ ಅಕ್ಕ, ಒಬ್ಳಿಗ್ ಅಣ್ಣ. ನಾ ಎಂತ ಹೇಳುದ್ ಅವ್ರಿಗೆ?’

ಅಬ್ಬಿ ಏಳೂ ಜನರ ಊರು, ಮನೆಯ ಗುರುತು ಕೇಳಿಕೊಂಡಳು. ಬರೆಯಲಿಲ್ಲ. ಯಾವ ಮನೆಗೆ ಯಾವ ಮೀನು ಎಂದು ನಲವತ್ತು ವರ್ಷ ನೆನಪಿಟ್ಟವಳಿಗೆ ಏಳು ಹೆಸರು ದೊಡ್ಡದಲ್ಲ.

ಆಪರೇಷನ್ ಆಯಿತು. ಐದು ತಾಸು. ಬಾಗಿಲು ತೆರೆದು ಪೂಜಿತಾ ಕೂಗಿದಳು: ‘ಮುತ್ತ ಅವ್ರ ಅಮ್ಮ ಯಾರ್?’

ತಲೆ ನರೆತ ಅಬ್ಬಿ ಎದ್ದು ನಿಂತಳು. ‘ನಾನೇ. ಎಂತ, ಸಣ್ಣ್ ಪ್ರಾಯದಲ್ಲಿ ಹೆತ್ತದ್ದ್.’ ಪೂಜಿತಾ ನಗಲೋ ಬೇಡವೋ ಎಂದು ನಿಂತಳು. ಪಕ್ಕದಲ್ಲಿ ಕೂತಿದ್ದ ವನಜತ್ತೆ, ಕಾರ್ಡಿನ ಲೆಕ್ಕದಲ್ಲಿ ಈಗ ಅತ್ತೆಯಾದ ಅತ್ತಿಗೆಯ ಕೈ ಗಟ್ಟಿ ಹಿಡಿದುಕೊಂಡಿದ್ದಳು.

ಡಾಕ್ಟರು ಬಂದು ಹೇಳಿದರು: ಜೀವಕ್ಕೆ ತೊಂದರೆ ಇಲ್ಲ. ಆದರೆ ತಡವಾಯಿತು, ಹೃದಯ ದೊಡ್ಡದಾಗಿಬಿಟ್ಟಿದೆ. ಭಾರ ಎತ್ತುವ ಹಾಗಿಲ್ಲ, ಬಲೆ ಎಳೆಯುವ ಹಾಗಿಲ್ಲ. ಹೇಳಿದ ಸಮಯಕ್ಕೆ ಬಂದಿದ್ದರೆ ಮಾತು ಬೇರೆ ಇತ್ತು.

ಹೇಳಿದ ಸಮಯಕ್ಕೆ ನಾವು ಬಂದಿದ್ದೆವು. ಯಾರಿಗೆ ಹೇಳುವುದು ಅದನ್ನು. ಮಾವ ಹದಿನಾಲ್ಕನೆಯ ವರ್ಷದಿಂದ ಕಡಲಿಗೆ ಹೋದವ. ವಾರ್ಡಿನಲ್ಲಿ ಅದನ್ನು ಕೇಳಿದ ಮೇಲೆ ಅವನ ಬೆರಳು ಬೆಡ್‌ಶೀಟಿನ ಅಂಚಿನಲ್ಲಿ ಇಲ್ಲದ ಬಲೆಗೆ ಗಂಟು ಹಾಕುತ್ತಿತ್ತು.

ಮಾವ ಮನೆಗೆ ಬಂದು ವಾರವಾಗಿರಬಹುದು. ದಕ್ಕೆಯಿಂದ ಬುಟ್ಟಿ ಸಾಗಿಸುವುದು ಈಗ ನನ್ನ ಕೆಲಸ. ಬೈಕಿನಲ್ಲಿ ಅಬ್ಬಿಯನ್ನು ವಡೇರಹೋಬಳಿಯಲ್ಲಿ ಇಳಿಸಿ, ಬುಟ್ಟಿ ತಲೆಗೆ ಏರಿಸುತ್ತಿದ್ದೆ. ಗೇಟಿನಲ್ಲಿ ಅಮಿತಾ ನಗುತ್ತ ನಿಂತಿದ್ದರು, ಕೈಯಲ್ಲಿ ಸ್ಟೀಲಿನ ಪಾತ್ರೆ. ಒಳಗಡೆ ಜಗಲಿಯಲ್ಲಿ ಮುಂಬೈಯ ಮುದುಕ ಪೇಪರು ತಗ್ಗಿಸಿ ನೋಡುತ್ತಿದ್ದ.

‘ರಾಜೀವಿಯಕ್ಕ, ಎಲ್ಲ ಸರಿಯಾಯ್ತಲ್ಲ? ಇವತ್ತು ಏನಿದೆ?’

ಬುಟ್ಟಿಯ ತುಂಬ ಕಾಣೆ ಇತ್ತು. ಐಸಿನ ನೀರು ತೊಟ್ಟಿಕ್ಕುತ್ತಿತ್ತು.

‘ಮೀನಿತ್ತಮ್ಮ. ನಿಮ್ಗೆ ಕೊಡುಕ್ ಆತಿಲ್ಲೆ.’

‘ಯಾಕೆ? ಮುತ್ತನಿಗೆ ಆಪರೇಷನ್ ಆಯ್ತಲ್ಲ!’

‘ಮಗ ಅಂದೇಳಿ ಆಯ್ತ್. ತಮ್ಮಂಗ್ ಇನ್ನೂ ಆಯ್ಲಿಲ್ಲೆ.’ ಅಬ್ಬಿಯ ದನಿ ಏರಲಿಲ್ಲ. ‘ಅವ ಇನ್ ಕಡ್ಲಿಗ್ ಹೋಪಂಗಿಲ್ಲೆ. ಇನ್ನೂ ಏಳ್ ಜನ ಆಸ್ಪತ್ರೆ ಬಾಗ್ಲಲ್ಲಿ ಇದ್ರ್. ತಮ್ಮ, ಅಣ್ಣ, ಅಕ್ಕ, ಅಳಿಯ, ಇಷ್ಟೂ ಜನಕ್ಕೆ ಆ ಕಂಪ್ಯೂಟರಲ್ಲಿ ಜಾಗ ಆಯ್ಕ್. ಸೇರ್ಸುದ್ ಮೇಲಿನರ್ ಅಂಬ್ರ್. ನಿಮ್ ಯಜಮಾನ್ರ್ ಅವ್ರಿಗ್ ಹೇಳ್ಲಿ. ಬರೀಲಿ. ಹೋಯ್ಲಿ. ಅಲ್ಲಿವರೆಗ್ ನಿಮ್ಗೆ ಈ ಬುಟ್ಟಿಯಲ್ಲಿ ಮೀನ್ ಎಂಬ ಆಯ್ಕೆ ಇಲ್ಲೆ.’

‘ರಾಜೀವಿಯಕ್ಕ, ನಾನು ನಿಮಗೆ ಸಹಾಯ ಮಾಡಿದವಳಲ್ವಾ?’

‘ಮಾಡಿದ್ರಿ. ಮರಿಯುದಿಲ್ಲೆ. ನಿಮ್ಗೆ ಬೇಕಾರ್ ನಮ್ಮನೆಗ್ ಬನಿ, ನಾನೇ ಕಾಯ್ಸಿ ಬಡಿಸ್ತೆ. ಈ ಮನೆಗ್ ಕೊಡುದಿಲ್ಲೆ.’

ಹೇಳಿ ಮುಂದಿನ ಗೇಟಿಗೆ ನಡೆದಳು. ‘ಮೀನ್ ಬೇಕಾ ಮೀನ್... ಕಾಣೆ ಇತ್ತ್, ಕಾಣೆ...’ ಅವಳು ನಡೆದ ಉದ್ದಕ್ಕೂ ಸಿಮೆಂಟಿನ ಮೇಲೆ ನೀರಿನ ಗೆರೆ. ನಾನು ಬೈಕು ತಿರುಗಿಸಿದೆ. ಅಮಿತಾ ಖಾಲಿ ಪಾತ್ರೆ ಹಿಡಿದೇ ಮನೆಯ ಕಡೆ ತಿರುಗಿ, ಒಳಗೆ ಆಫೀಸಿಗೆ ಹೊರಡುತ್ತಿದ್ದ ಗಂಡನ ಹೆಸರು ಹಿಡಿದು ಒಮ್ಮೆ ಕೂಗಿದರು. ಆಚೀಚೆ ಮನೆಗಳ ಕಿಟಕಿ ತೆರೆದವು. ಎಷ್ಟೋ ಜನರ ದನಿ ಮಾಡಿದ್ದೇನೆ. ಆ ದನಿ ಮಾತ್ರ ನನಗೆ ಇವತ್ತಿಗೂ ಬಂದಿಲ್ಲ.